ಹೊಟ್ಟೆಯ ಅಮೀಬಾ ನೋಡುವುದು ಹೇಗೆ: ನಾಲ್ಕಾ, ಎಂಟಾ ಎಣಿಸಿದ ಮೇಲೆ ಬರೆಯಿರಿ

ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಟೆಕ್ನಿಷಿಯನ್. ಲ್ಯಾಬ್ ಕೆಲಸದ ಡಿಪ್ಲೊಮಾ (ಡಿಎಂಎಲ್‌ಟಿ) ಮುಗಿಸಿ ಹೊಸದಾಗಿ ಬರುವ ಮಕ್ಕಳು ರಕ್ತ, ಮೂತ್ರ ಎಲ್ಲ ಉತ್ಸಾಹದಿಂದ ನೋಡುತ್ತಾರೆ. ಮಲ ಪರೀಕ್ಷೆ ಬಂದರೆ ಮಾತ್ರ ಮುಖ ಸಿಂಡರಿಸುತ್ತಾರೆ. ಬೇಗ ಒಂದು ಕಣ್ಣು ಹಾಯಿಸಿ ಕೈ ತೊಳೆದುಕೊಂಡರೆ ಸಾಕು ಅನ್ನಿಸುತ್ತದೆ ಅವರಿಗೆ. ಶುರುವಿನಲ್ಲಿ ನನಗೂ ಹಾಗೆಯೇ ಇತ್ತು. ಆ ಅವಸರದಿಂದ ಒಂದು ಮಗುವಿಗೆ ತೊಂದರೆಯಾಯಿತು. ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ.

ಆಗ ನಾನು ಬೇರೆ ಕಡೆ ಕೆಲಸಕ್ಕಿದ್ದೆ. ಒಂದನೇ ಕ್ಲಾಸಿನ ಹುಡುಗ, ವಾರದಿಂದ ಬೇಧಿ. ಸ್ಲೈಡಿನಲ್ಲಿ ಉರುಟು ಸಿಸ್ಟ್‌ಗಳು, ಎಂದರೆ ಚಿಪ್ಪು ಕಟ್ಟಿಕೊಂಡು ಸುಮ್ಮನಿರುವ ಅಮೀಬಾಗಳು, ಕಂಡವು. ಒಳಗೆ ನ್ಯೂಕ್ಲಿಯಸ್ ಎಣಿಸಿದೆ, ನಾಲ್ಕು. ಆಮಶಂಕೆ ತರುವ ಅಮೀಬಾ ಅದು ಎಂದುಕೊಂಡು ‘ಎಂಟಮೀಬಾ ಹಿಸ್ಟೋಲಿಟಿಕಾ’ ಎಂದು ಬರೆದುಕೊಟ್ಟೆ. ಡಾಕ್ಟರು ಅಮೀಬಾ ಕೊಲ್ಲುವ ಮೆಟ್ರೊನಿಡಜೋಲ್ ಕೊಟ್ಟರು. ಆ ಔಷಧಿಯಿಂದ ಬಾಯಿಯೆಲ್ಲ ಲೋಹ ನೆಕ್ಕಿದ ಹಾಗೆ ಕಹಿಯಾಗುತ್ತದೆ. ಮಗು ಗಂಜಿಯನ್ನೂ ಮುಟ್ಟಲಿಲ್ಲ, ವಾಂತಿ ಬೇರೆ. ಹತ್ತು ದಿನ ಬಿಟ್ಟು ತಾಯಿ ಮತ್ತೆ ಬಂದರು. ‘ಮದ್ದು ಮುಗಿಯಿತು ಅಕ್ಕಾ, ಬೇಧಿ ಮಾತ್ರ ನಿಲ್ಲಲಿಲ್ಲ’ ಎಂದರು. ಹೊಸ ಸ್ಯಾಂಪಲ್ ತೆಗೆದುಕೊಂಡು ಈ ಸಲ ಸೀನಿಯರ್ ನೋಡಿದರು. ಫೈನ್ ಫೋಕಸ್ಸಿನ ತಿರುಪನ್ನು ಮೆಲ್ಲ ತಿರುಗಿಸುತ್ತಾ ಬಾಯಿಬಿಟ್ಟು ಎಣಿಸಿದರು. ಐದು, ಆರು, ಏಳು, ಎಂಟು. ಅದು ಎಂಟಮೀಬಾ ಕೋಲಿ. ನಮ್ಮ ಕರುಳಿನಲ್ಲಿ ಸುಮ್ನೆ ಇದ್ದು, ಅಲ್ಲಿನ ಬ್ಯಾಕ್ಟೀರಿಯಾ ತಿಂದು ಬದುಕುವ ಪಾಪದ ಜೀವಿ. ಮಗುವಿನ ಹೊಟ್ಟೆ ಕೆಟ್ಟದ್ದು ಬೇರೆ ಏನೋ ಕಾರಣಕ್ಕೆ. ನನ್ನ ರಿಪೋರ್ಟ್ ಕೈಯಲ್ಲಿದ್ದ ಮೇಲೆ ಆ ಕಾರಣವನ್ನು ಹುಡುಕಲು ಯಾರೂ ಹೋಗಲಿಲ್ಲ.

ಹಾಗಾಗಿ ಈ ಬರಹ. ಲ್ಯಾಬಿಗೆ ಹೊಸಬರಾದವರಿಗೆ ಜಾಸ್ತಿ, ಸ್ಯಾಂಪಲ್ ತಂದುಕೊಡುವ ಮನೆಯವರಿಗೂ ಸ್ವಲ್ಪ.

ಮನೆಯವರ ಕೆಲಸ ಮೊದಲು. ಹಿಂದೆ ಬೆಂಕಿಪೆಟ್ಟಿಗೆಯಲ್ಲಿ ತರುತ್ತಿದ್ದರು. ಈಗಲೂ ಒಮ್ಮೊಮ್ಮೆ ಮದ್ದಿನ ಹಳೇ ಬಾಟ್ಲಿ ಬರುತ್ತದೆ. ದಯವಿಟ್ಟು ಲ್ಯಾಬಿನಿಂದಲೇ ಅಗಲ ಬಾಯಿಯ ಡಬ್ಬಿ ತೆಗೆದುಕೊಂಡು ಹೋಗಿ. ಅದಕ್ಕೆ ಮೂತ್ರ ಸೇರಬಾರದು, ಜೀವಂತ ಅಮೀಬಾ ಮೂತ್ರ ತಾಗಿದರೆ ಸಾಯುತ್ತದೆ. ಕಕ್ಕಸಿನ ನೀರೂ ಸೇರಬಾರದು, ನೀರಿನಲ್ಲಿ ತಾನಾಗಿ ಬದುಕುವ ಬೇರೆ ಅಮೀಬಾಗಳು ಇರುತ್ತವೆ, ಅವನ್ನು ನೋಡಿ ನಾವು ಮೋಸ ಹೋಗುತ್ತೇವೆ. ಸಿಂಬಳದಂಥ ಆಮವೋ ರಕ್ತವೋ ಇದ್ದರೆ ಆ ಭಾಗವನ್ನೇ ಹಾಕಿ. ಆಂಟಿಬಯೋಟಿಕ್ ತಿನ್ನುತ್ತಿದ್ದರೆ ಮುಚ್ಚಿಡಬೇಡಿ. ಅದರ ನಡುವೆ ನೋಡಿದರೆ ಅಮೀಬಾ ಇದ್ದರೂ ಕಾಣದೇ ಹೋಗಬಹುದು.

ಎಲ್ಲಕ್ಕಿಂತ ಮುಖ್ಯ ಹೊತ್ತು. ನೀರು ನೀರಾದ ಮಲವನ್ನು ಅರ್ಧ ಗಂಟೆಯೊಳಗೆ ನೋಡಬೇಕು. ಬೆಳಗ್ಗೆ ಏಳಕ್ಕೆ ತೆಗೆದು, ಹತ್ತರ ಬಸ್ಸಿಗೆ ಕಾದು, ಹನ್ನೊಂದಕ್ಕೆ ನಮ್ಮ ಮೇಜಿಗೆ ಬಂದರೆ ಓಡಾಡುವ ಅಮೀಬಾ ಯಾವಾಗಲೋ ಸತ್ತು ಕರಗಿರುತ್ತದೆ. ‘ಏನೂ ಇಲ್ಲ’ ಎಂದು ಬರೆಯುತ್ತೇವೆ, ಅದು ಸುಳ್ಳಾಗುತ್ತದೆ. ದೂರದವರಿಗೆ ನಾನು ಹೇಳುವುದು ಒಂದೇ. ಖಾಲಿ ಡಬ್ಬಿ ಹಿಡಿದುಕೊಂಡು ಲ್ಯಾಬಿಗೇ ಬನ್ನಿ, ನಮ್ಮ ಕಕ್ಕಸಿನಲ್ಲೇ ಕೊಡಿ. ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಗಟ್ಟಿ ಮಲಕ್ಕೆ ಇಷ್ಟು ಅವಸರ ಬೇಡ. ಅದರಲ್ಲಿ ಇರುವುದು ಸಿಸ್ಟ್, ಫ್ರಿಜ್ಜಿನಲ್ಲಿಟ್ಟರೆ ಮಾರನೇ ದಿನವೂ ಕಾಣುತ್ತದೆ.

ಒಂದೇ ಸಲ ನೋಡಿ ಇಲ್ಲ ಅನ್ನಬಾರದು. ಅಮೀಬಾ ದಿನಾ ಹೊರಗೆ ಬೀಳುವುದಿಲ್ಲ. ಹತ್ತು ದಿನದೊಳಗೆ, ದಿನ ಬಿಟ್ಟು ದಿನ, ಮೂರು ಸ್ಯಾಂಪಲ್ ನೋಡುವುದು ಕ್ರಮ.

ಇನ್ನು ಮೇಜಿನ ಕೆಲಸ. ಗ್ಲೌಸ್ ಹಾಕಿಕೊಳ್ಳಿ. ಒಂದೇ ಸ್ಲೈಡಿನ ಎಡಕ್ಕೆ ಒಂದು ಹನಿ ಸಲೈನ್, ಬಲಕ್ಕೆ ಒಂದು ಹನಿ ಅಯೋಡಿನ್. ಹಿಡಿಸೂಡಿ ಕಡ್ಡಿಯ ಶುಚಿಯಾದ ತುಂಡಿನಿಂದ ಅಕ್ಕಿಕಾಳಿಗಿಂತ ಕಮ್ಮಿ ಮಲ ತೆಗೆದು ಮೊದಲು ಸಲೈನಿನಲ್ಲಿ ಕದಡಿ, ಆಮೇಲೆ ಅಯೋಡಿನ್‌ನಲ್ಲಿ. ಅದೇ ಕಡ್ಡಿಯಲ್ಲಿ ಅಯೋಡಿನ್ ಕಡೆಯಿಂದ ಸಲೈನಿಗೆ ವಾಪಸ್ ಬರಬೇಡಿ, ಅಯೋಡಿನ್ ತಾಗಿದರೆ ಜೀವಂತ ಅಮೀಬಾ ಅಲ್ಲೇ ಸಾಯುತ್ತದೆ. ಕವರ್ ಸ್ಲಿಪ್ಪನ್ನು ಓರೆಯಾಗಿ ಇಳಿಸಿ, ಗಾಳಿಗುಳ್ಳೆ ಬರುವುದಿಲ್ಲ. ದಪ್ಪ ಸರಿ ಇದೆಯಾ ನೋಡಲು ಸ್ಲೈಡನ್ನು ಪೇಪರಿನ ಮೇಲಿಡಿ. ಕೆಳಗಿನ ಅಕ್ಷರ ಓದಲು ಬರಬೇಕು. ಒತ್ತಕ್ಷರ ಕಾಣದಿದ್ದರೆ ನಾನು ಇನ್ನೊಂದು ಸ್ಲೈಡ್ ಮಾಡುತ್ತೇನೆ.

10ಎಕ್ಸ್ ಲೆನ್ಸಿನಲ್ಲಿ ಶುರು ಮಾಡಿ, ಗದ್ದೆ ಉಳುವ ಹಾಗೆ ಮೂಲೆಯಿಂದ ಮೂಲೆಗೆ ಹೋಗಿ. ಸಂಶಯ ಬಂದಲ್ಲಿ 40ಎಕ್ಸ್‌ಗೆ ತಿರುಗಿಸಿ. ಬೆಳಕು ಕಮ್ಮಿ ಇರಲಿ. ಹೊಸಬರು ಐರಿಸ್ (ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು ನೋಡುತ್ತಾರೆ. ಅಮೀಬಾ ನೀರಿನಷ್ಟೇ ತೆಳ್ಳಗಿನ ಜೀವ, ಆ ಬೆಳಕಿನಲ್ಲಿ ಕಾಣಿಸುವುದೇ ಇಲ್ಲ.

ಓಡಾಡುವ ಅಮೀಬಾವನ್ನು ಮೊದಲ ಸಲ ಕಂಡ ದಿನ ಇವತ್ತಿಗೂ ನೆನಪಿದೆ. ಜುಲೈ ತಿಂಗಳು, ಹೊರಗೆ ಜೋರು ಮಳೆ. ಆಮ, ರಕ್ತ ಎರಡೂ ಇದ್ದ ಸ್ಯಾಂಪಲ್. ಸಲೈನ್ ಬಾಟ್ಲಿಯನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗೆ ಮಾಡಿಕೊಂಡಿದ್ದೆ. ಥಂಡಿಗೆ ಅಮೀಬಾ ಮುದುಡಿ ಸುಮ್ಮನಾಗಿಬಿಡುತ್ತದೆ, ಅದಕ್ಕೆ. ಮೊದಲು ಒಂದು ಬೂದು ಚುಕ್ಕೆ ಅಷ್ಟೇ. ನೋಡುತ್ತಿದ್ದ ಹಾಗೆ ಅದರ ಒಂದು ಬದಿಯಿಂದ ಗಾಜಿನಂಥ ಬೆರಳೊಂದು ಚಕ್ಕನೆ ಹೊರಬಂತು. ಒಳಗಿನ ಕಾಳುಕಾಳಾದ ದ್ರವ ಆ ಬೆರಳಿನೊಳಗೆ ಹರಿದು ಬಂತು, ಇಡೀ ಜೀವ ಆ ದಿಕ್ಕಿಗೇ ಸರಿಯಿತು. ಮತ್ತೆ ಇನ್ನೊಂದು ಬೆರಳು. ಹೊಟ್ಟೆಯಲ್ಲಿ ಮೂರು ತಿಳಿ ಹಳದಿ ಬಿಲ್ಲೆ. ಅದು ತಿಂದ ಕೆಂಪು ರಕ್ತಕಣಗಳು. ಮುಖ್ಯ ಗುರುತು ಇದೇ. ದಿಕ್ಕು ಹಿಡಿದು ಓಡುವ, ಹೊಟ್ಟೆಯಲ್ಲಿ ರಕ್ತಕಣ ಇಟ್ಟುಕೊಂಡ ಅಮೀಬಾ ಕಂಡರೆ ಕಾಯಬೇಡಿ, ಡಾಕ್ಟರಿಗೆ ಫೋನು ಮಾಡಿ. ಕೋಲಿ ಹೀಗೆ ಓಡುವುದಿಲ್ಲ. ಇದ್ದಲ್ಲೇ ಸೋಮಾರಿಯ ಹಾಗೆ ಅತ್ತ ಇತ್ತ ಉಬ್ಬುತ್ತದೆ.

ಇಲ್ಲಿ ಒಂದು ಮೋಸ ಇದೆ. ಆಮಶಂಕೆಯ ಮಲದಲ್ಲಿ ನಮ್ಮ ದೇಹದ್ದೇ ಆದ ದೊಡ್ಡ ಬಿಳಿಕಣಗಳಿರುತ್ತವೆ, ಮ್ಯಾಕ್ರೋಫೇಜ್. ಅವೂ ರಕ್ತಕಣ ನುಂಗುತ್ತವೆ. ಆದರೆ ಆ ಥರ ಬೆರಳು ಚಾಚಿ ಒಂದು ದಿಕ್ಕಿಗೆ ಹೋಗುವುದಿಲ್ಲ. ಕೀವುಕಣ ರಾಶಿ ಬಿದ್ದಿದ್ದರೆ ಬ್ಯಾಕ್ಟೀರಿಯಾದ ಬೇಧಿ ಇರಬಹುದು ಎಂದು ಮೊದಲು ಯೋಚಿಸಿ. ಅಮೀಬಾದ ಆಮಶಂಕೆಯಲ್ಲಿ ಕೀವುಕಣ ಸಾಮಾನ್ಯವಾಗಿ ಕಮ್ಮಿ. ಎರಡು ಕಡೆ ಚೂಪಾದ, ವಜ್ರದಂಥ ಹರಳುಗಳು ಒಮ್ಮೊಮ್ಮೆ ಜೊತೆಗಿರುತ್ತವೆ. ಅನುಮಾನ ಇದ್ದರೆ ಐದು ನಿಮಿಷ ಒಂದೇ ಕಣದ ಮೇಲೆ ಕಣ್ಣಿಟ್ಟು ಕೂತುಕೊಳ್ಳಿ.

ಸಿಸ್ಟ್ ನೋಡುವುದು ಅಯೋಡಿನ್ ಬದಿಯಲ್ಲಿ. ಹಳದಿ ಕಂದು ಬಣ್ಣದ ಗುಂಡು, ಒಳಗೆ ನ್ಯೂಕ್ಲಿಯಸ್ ಉಂಗುರದ ಹಾಗೆ. ನಾನು ಎಡವಿದ್ದು ಇಲ್ಲೇ. ಸಿಸ್ಟ್ ಚೆಂಡಿನ ಆಕಾರ, ಬಿಲ್ಲೆಯಲ್ಲ. ಒಂದು ಫೋಕಸ್ಸಿನಲ್ಲಿ ಕಾಣುವುದು ಒಂದು ಮಟ್ಟದಲ್ಲಿ ಇರುವ ನ್ಯೂಕ್ಲಿಯಸ್‌ಗಳು ಮಾತ್ರ. ಕೋಲಿಯ ಎಂಟರಲ್ಲಿ ನಾಲ್ಕು ಮೇಲೆ, ನಾಲ್ಕು ಕೆಳಗೆ ಇದ್ದರೆ, ತಿರುಪು ತಿರುಗಿಸದವರಿಗೆ ನಾಲ್ಕೇ ಲೆಕ್ಕ. ಮೇಲಿನಿಂದ ಕೆಳಗೆ ಇಳಿಯುತ್ತಾ ಎಣಿಸಿ. ಒಂದು ಸಿಸ್ಟ್ ಸಾಲದು, ಐದಾರು ಎಣಿಸಿ. ಬಲಿತ ಹಿಸ್ಟೋಲಿಟಿಕಾಕ್ಕೆ ನಾಲ್ಕಕ್ಕಿಂತ ಜಾಸ್ತಿ ಇರುವುದಿಲ್ಲ, ಅದರ ನ್ಯೂಕ್ಲಿಯಸ್ಸಿನ ಚುಕ್ಕೆ ಸರಿಯಾಗಿ ನಡುವಿನಲ್ಲಿ. ಕೋಲಿಯ ಚುಕ್ಕೆ ಬದಿಗೆ ಸರಿದಿರುತ್ತದೆ. ಸಲೈನ್ ಬದಿಯಲ್ಲಿ ಸಿಸ್ಟ್‌ನ ಒಳಗೆ ಹೊಳೆಯುವ ಕಡ್ಡಿಗಳು ಕಂಡರೆ ತುದಿ ನೋಡಿ. ಬೀಡಿಯ ಹಾಗೆ ಮೊಂಡು ತುದಿಯಾದರೆ ಹಿಸ್ಟೋಲಿಟಿಕಾ ಕಡೆಯದು, ಸೀಳಿದ ಸೌದೆಯ ಹಾಗಿದ್ದರೆ ಕೋಲಿ.

ಅಳತೆಯೂ ಬೇಕು. ಹಿಸ್ಟೋಲಿಟಿಕಾ ಸಿಸ್ಟ್ 10ರಿಂದ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಕೋಲಿಯದು 10ರಿಂದ 35. ನಾಲ್ಕು ನ್ಯೂಕ್ಲಿಯಸ್ ಇದ್ದು 10ಕ್ಕಿಂತ ಸಣ್ಣದಾದರೆ ಎಂಟಮೀಬಾ ಹಾರ್ಟ್‌ಮನಿಯೋ ಎಂಡೋಲಿಮ್ಯಾಕ್ಸ್ ನಾನಾವೋ ಎಂಬ ಬೇರೆ ಅಮೀಬಾ ಇರಬಹುದು. ಎರಡೂ ತೊಂದರೆ ಕೊಡುವುದಿಲ್ಲ. ಐಪೀಸಿನಲ್ಲಿ ಅಳತೆಗೆರೆ ಇಲ್ಲದಿದ್ದರೆ ಪಕ್ಕದ ಕೆಂಪು ರಕ್ತಕಣವನ್ನೇ ಅಳತೆಗೋಲು ಮಾಡಿಕೊಳ್ಳಿ, ಅದು ಸುಮಾರು 7 ಮೈಕ್ರಾನ್. ಒಂದೇ ನ್ಯೂಕ್ಲಿಯಸ್, ಜೊತೆಗೆ ಕಡು ಕಂದು ಬಣ್ಣದ ದೊಡ್ಡ ಮಚ್ಚೆ ಕಂಡರೆ ಅಯೋಡಮೀಬಾ. ಅಯೋಡಿನ್‌ಗೆ ಹಾಗೆ ಬಣ್ಣ ಹಿಡಿಯುವುದರಿಂದಲೇ ಆ ಹೆಸರು. ಅದೂ ನಿರಪಾಯ.

ಯಾವ ಅಮೀಬಾ ರೋಗ ತರುತ್ತದೆ ಎಂದು 1913ರಲ್ಲಿ ಫಿಲಿಪ್ಪೀನ್ಸ್‌ನ ಮನಿಲಾದ ಬಿಲಿಬಿಡ್ ಜೈಲಿನಲ್ಲಿ ವಾಕರ್ ಮತ್ತು ಸೆಲಾರ್ಡ್ಸ್ ಎಂಬ ಸಂಶೋಧಕರು ಮನುಷ್ಯರ ಮೇಲೆಯೇ ಪರೀಕ್ಷೆ ಮಾಡಿದ್ದರು. ಕೋಲಿ ನುಂಗಿದ 20 ಜನರಲ್ಲಿ ಒಬ್ಬರಿಗೂ ಆಮಶಂಕೆ ಆಗಲಿಲ್ಲ. ಹಿಸ್ಟೋಲಿಟಿಕಾ ನುಂಗಿದ 20 ಜನರಲ್ಲಿ 18 ಮಂದಿಗೆ ಅಂಟಿತು, ಆಮಶಂಕೆ ಆದದ್ದು 4 ಮಂದಿಗೆ. ಕೈದಿಗಳ ಮೇಲೆ ಇಂಥ ಪ್ರಯೋಗ ನನಗೆ ಸರಿ ಕಾಣುವುದಿಲ್ಲ. ಆದರೆ ಅಷ್ಟು ಜನ ಆ ಬೆಲೆ ತೆತ್ತು ಸಿಕ್ಕಿದ ತಿಳಿವಳಿಕೆಯನ್ನು ನಾವು ಎಣಿಸಲು ಸೋಮಾರಿತನ ಮಾಡಿ ಕಳೆಯಬಾರದು, ಅಲ್ವಾ?

ಸರಿಯಾಗಿ ನಾಲ್ಕೇ ಎಣಿಸಿದಿರಿ ಎಂದಿಟ್ಟುಕೊಳ್ಳಿ. ಆಗಲೂ ರಿಪೋರ್ಟಿನಲ್ಲಿ ಬರೀ ‘ಹಿಸ್ಟೋಲಿಟಿಕಾ’ ಎಂದು ಬರೆಯಬೇಡಿ. ‘ಎಂಟಮೀಬಾ ಹಿಸ್ಟೋಲಿಟಿಕಾ ಅಥವಾ ಡಿಸ್ಪಾರ್’ ಎಂದು ಬರೆಯಿರಿ. ಡಿಸ್ಪಾರ್ ಕಣ್ಣಿಗೆ ತದ್ರೂಪಿ, ಆದರೆ ರೋಗ ತರುವುದಿಲ್ಲ. ಬ್ರಂಪ್ಟ್ ಎಂಬವರು 1925ರಲ್ಲೇ ಇದನ್ನು ಹೇಳಿದ್ದರು, ವಿಜ್ಞಾನಿಗಳು ಒಪ್ಪಿ ಬೇರೆ ಮಾಡಿದ್ದು 1993ರಲ್ಲಿ. ಎರಡನ್ನು ಬೇರೆ ಮಾಡಲು ಪಿಸಿಆರ್ ಅಥವಾ ಆ್ಯಂಟಿಜೆನ್ ಪರೀಕ್ಷೆ ಬೇಕು. ಕಾಯಿಲೆಯ ಲಕ್ಷಣ ಇಲ್ಲದವರಿಗೆ ಬರೀ ಮೈಕ್ರೋಸ್ಕೋಪ್ ನೋಡಿ ಔಷಧಿ ಕೊಡಬಾರದು ಎಂದು 1997ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹೇಳಿದ್ದಾರೆ.

ಕೋಲಿಯ ಹೆಸರನ್ನೂ ಪೂರ್ತಿ ಬರೆಯಿರಿ. ಒಮ್ಮೆ ಒಬ್ಬರು ಅತ್ತೆ ಒಂದು ಕೈಯಲ್ಲಿ ಬಾವಿನೀರಿನ ರಿಪೋರ್ಟ್, ಇನ್ನೊಂದು ಕೈಯಲ್ಲಿ ಮೊಮ್ಮಗನ ಮಲದ ರಿಪೋರ್ಟ್ ಹಿಡಿದು ಗಾಬರಿಯಿಂದ ಬಂದರು. ಎರಡರಲ್ಲೂ ‘ಇ. ಕೋಲಿ’. ನೀರಿನದ್ದು ಎಷರಿಕಿಯಾ ಕೋಲಿ ಎಂಬ ಬ್ಯಾಕ್ಟೀರಿಯಾ, ಮಗುವಿನದ್ದು ಎಂಟಮೀಬಾ ಕೋಲಿ ಎಂಬ ಅಮೀಬಾ. ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಅಮೀಬಾ ಕೋಲಿ ಕಂಡರೆ ರಿಪೋರ್ಟಿನಿಂದ ಬಿಡಬೇಡಿ. ಅದರಿಂದ ರೋಗ ಬರುವುದಿಲ್ಲ ನಿಜ, ಆದರೆ ಯಾರದೋ ಮಲ ಸೇರಿದ ನೀರೋ ಊಟವೋ ಈ ಬಾಯಿಗೆ ಹೋಗಿದೆ ಎಂದು ಅದು ಹೇಳುತ್ತದೆ.

ದನ ಸಾಕುವವರು ಕೇಳುವ ಪ್ರಶ್ನೆ ಒಂದಿದೆ. ‘ಹಟ್ಟಿಯಿಂದ ಬಂತಾ ಮಗಳೇ ಇದು?’ ಇಲ್ಲ ಮಾವ. ದನದ ಹೊಟ್ಟೆಯಲ್ಲಿ ಅದರದ್ದೇ ಎಂಟಮೀಬಾ ಬೋವಿಸ್ ಇದೆ. ಒಂದೇ ನ್ಯೂಕ್ಲಿಯಸ್ಸಿನ ಸಿಸ್ಟ್, ದನಕ್ಕೂ ಉಪದ್ರವಿಲ್ಲ. ಹಿಸ್ಟೋಲಿಟಿಕಾ ನಮಗೆ ಬರುವುದು ಇನ್ನೊಬ್ಬ ಮನುಷ್ಯನಿಂದ. ಹಾವು, ಹಲ್ಲಿಗಳ ಕಥೆ ಬೇರೆ. ಆಮೆಯ ಹೊಟ್ಟೆಯಲ್ಲಿ ಸಾಧಾರಣ ತೊಂದರೆ ಕೊಡದೆ ಇರುವ ಎಂಟಮೀಬಾ ಇನ್ವಾಡೆನ್ಸ್ ಹಾವಿಗೆ ಹೊಕ್ಕರೆ ಹಾವನ್ನು ಕೊಲ್ಲುತ್ತದೆ. ಒಂದರ ಹೊಟ್ಟೆಯಲ್ಲಿ ಬಾಡಿಗೆದಾರ, ಇನ್ನೊಂದರ ಹೊಟ್ಟೆಯಲ್ಲಿ ಕೊಲೆಗಾರ. ನನಗೆ ಈ ಜೀವಿಗಳ ಮೇಲೆ ಇಷ್ಟು ಕುತೂಹಲ ಬೆಳೆದದ್ದು ಇದರಿಂದಲೇ.

2024ರಿಂದ ಇನ್ನೊಂದು ಪ್ರಶ್ನೆ ಶುರುವಾಗಿದೆ. ಮಲಪ್ಪುರಂ, ಕಣ್ಣೂರು, ಕೋಝಿಕ್ಕೋಡ್ ಕಡೆಯ ಮಕ್ಕಳು ಅಮೀಬಾದ ಮಿದುಳು ಜ್ವರಕ್ಕೆ ತೀರಿಕೊಂಡ ಸುದ್ದಿ ಓದಿ, ‘ನಮ್ಮವನ ಮಲದಲ್ಲಿ ಆ ಅಮೀಬಾ ಇದೆಯಾ ನೋಡಿ’ ಎಂದು ಬರುತ್ತಾರೆ. ಮಲದಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. ಇಂಥ ಮಿದುಳು ಜ್ವರ ತರುವ ನೇಗ್ಲೇರಿಯಾ ಬೆಚ್ಚಗಿನ ಸಿಹಿನೀರಿನಲ್ಲಿ ತಾನಾಗಿ ಬದುಕುವ ಅಮೀಬಾ. ಮೂಗಿನಿಂದ ಮಿದುಳಿಗೆ ಹತ್ತುತ್ತದೆ, ಕುಡಿದರೆ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮದಕದಲ್ಲಿ, ನಿಂತ ಕೆರೆಯಲ್ಲಿ ಮಕ್ಕಳು ಹಾರುವುದು, ಮುಳುಗುವುದು ಬೇಡ. ಈಜಿದ ಕೆಲವು ದಿನದಲ್ಲಿ ಜ್ವರ, ತಲೆಸಿಡಿತ, ವಾಂತಿ, ಕುತ್ತಿಗೆ ಬಿಗಿತ ಬಂದರೆ ನಮ್ಮಂಥ ಲ್ಯಾಬಿಗಲ್ಲ, ನೇರ ದೊಡ್ಡ ಆಸ್ಪತ್ರೆಗೆ ಓಡಿ. ಈಜಿದ ವಿಷಯ ಮೊದಲೇ ಹೇಳಿ. ಅಲ್ಲಿ ಬೆನ್ನುಹುರಿಯ ನೀರು ತೆಗೆದು ನೋಡುತ್ತಾರೆ.

ಹೊಟ್ಟೆಯ ಅಮೀಬಾದಲ್ಲೂ ಲ್ಯಾಬು ದಾಟಿ ಹೋಗಬೇಕಾದ ಹೊತ್ತು ಇದೆ. ಬಲ ಪಕ್ಕೆಯ ಕೆಳಗೆ ನೋವು, ಜೊತೆಗೆ ಜ್ವರ ಇದ್ದರೆ ಅಮೀಬಾ ಪಿತ್ತಜನಕಾಂಗಕ್ಕೆ ಹೋಗಿ ಕೀವು ಮಾಡಿರಬಹುದು. ಅಂಥವರಲ್ಲಿ ಹೆಚ್ಚಿನವರ ಮಲದಲ್ಲಿ ಏನೂ ಕಾಣುವುದಿಲ್ಲ. ಸ್ಕ್ಯಾನ್ ಮಾಡಿಸಬೇಕು. ಇನ್ನೊಂದು, ಮೆಡಿಕಲ್‌ನಿಂದ ನಾಲ್ಕು ಮಾತ್ರೆ ಹರಿಸಿ ತಂದು ನುಂಗುವ ಅಭ್ಯಾಸ ಬಿಡಿ. ಮೆಟ್ರೊನಿಡಜೋಲ್ ಕೊಲ್ಲುವುದು ಕರುಳಿನ ಗೋಡೆಗೆ ಇಳಿದ ಅಮೀಬಾವನ್ನು. ಕರುಳಿನೊಳಗೆ ಉಳಿದ ಸಿಸ್ಟ್‌ಗೆ ಡೈಲೊಕ್ಸನೈಡ್‌ನಂಥ ಬೇರೆ ಔಷಧಿ ಬೇಕು. ಇಲ್ಲದಿದ್ದರೆ ಗುಣವಾದ ಮನುಷ್ಯನೇ ಮನೆಯವರಿಗೆ ಹಂಚುತ್ತಿರುತ್ತಾನೆ.

ಕೊನೆಗೆ ನೀರು. ನಮ್ಮಲ್ಲಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕುಡಿಯುವವರೂ ಇದ್ದಾರೆ, ಬಾವಿಯವರೂ ಇದ್ದಾರೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಒಳ್ಳೆಯದೇ, ಬ್ಯಾಕ್ಟೀರಿಯಾ ಸಾಯುತ್ತದೆ. ಆದರೆ ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್‌ಗೆ ಈ ಸಿಸ್ಟ್ ಬಗ್ಗುವುದಿಲ್ಲ. ಕುದಿಸಿದರೆ ಸಾಯುತ್ತದೆ. ಕೇಳಿದರೆ ಎಲ್ಲರೂ ‘ನಾವು ಕುದಿಸಿಯೇ ಕುಡಿಯುವುದು’ ಅನ್ನುತ್ತಾರೆ. ಜೀರಿಗೆಯೋ ಲಾವಂಚವೋ ಹಾಕಿ ಚೆನ್ನಾಗಿಯೇ ಕುದಿಸುತ್ತಾರೆ. ಊಟಕ್ಕೆ ಕೂತಾಗ ಬಿಸಿ ಜಾಸ್ತಿಯಾಯಿತು ಎಂದು ಅದಕ್ಕೇ ಒಂದು ಚೆಂಬು ಹಸಿ ನೀರು ಬೆರೆಸುತ್ತಾರೆ. ಅಲ್ಲಿಗೆ ಕುದಿಸಿದ್ದು ವ್ಯರ್ಥ. ರಾತ್ರಿಯೇ ಕುದಿಸಿ ಮುಚ್ಚಿಡಿ. ಬೆಳಗ್ಗೆ ತಣ್ಣಗಾಗಿರುತ್ತದೆ.