ಮೂಲೆ ಹಿಡಿದ ಯೆಜ್ಡಿಗೆ ಮತ್ತೆ ಜೀವ ಬರಿಸುವುದು ಹೇಗೆ?

ಬಳ್ಳಾರಿಯ ಹಳೆ ಓಣಿಗಳಲ್ಲಿ ಓಡಾಡಿದರೆ ಇವತ್ತಿಗೂ ಒಂದು ನೋಟ ಕಾಣುತ್ತದೆ. ಮೆಟ್ಟಿಲ ಕೆಳಗೋ ಹಿತ್ತಲ ತಗಡಿನ ಶೆಡ್ಡಿನಲ್ಲೋ ಗೋಣಿಚೀಲ ಹೊದ್ದು ನಿಂತ ಒಂದು ಜಾವಾ, ಇಲ್ಲವೇ ಯೆಜ್ಡಿ ಬೈಕು. ಅಪ್ಪನದೋ ಸೋದರಮಾವನದೋ ಇರುತ್ತದೆ. ಮಾರಲು ಯಾರಿಗೂ ಮನಸ್ಸಿಲ್ಲ, ಹೊರಗೆ ತೆಗೆಯಲು ಧೈರ್ಯವಿಲ್ಲ. ನಮ್ಮ ಮನೆಯಲ್ಲೂ ಅಪ್ಪನ ಯೆಜ್ಡಿ ಒಂಬತ್ತು ವರ್ಷ ಹೀಗೇ ನಿಂತಿತ್ತು. ಅದನ್ನು ಮತ್ತೆ ರಸ್ತೆಗೆ ತಂದದ್ದು ಅಂಗಳದಲ್ಲೇ, ಭಾನುವಾರಗಳಲ್ಲಿ, ಒಂದು ಸೆಟ್ ಪಾನಾ ಹಿಡಿದುಕೊಂಡು. ನಿಮ್ಮಿಂದಲೂ ಆಗುತ್ತದೆ.

ಯಾಕೆ ಆಗುತ್ತದೆ ಅಂದರೆ, ಈ ಎಂಜಿನ್ ತುಂಬಾ ಸರಳ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಈ 250 ಸಿಸಿ ಗಾಡಿಗಳು ಟೂ ಸ್ಟ್ರೋಕ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಒಂದು ಪಿಸ್ಟನ್, ಅದರ ರಿಂಗುಗಳು, ಸಿಲಿಂಡರಿನ ಗೋಡೆಯಲ್ಲಿ ಕೆಲವು ಕಿಂಡಿಗಳು. ಪೆಟ್ರೋಲು, ಗಾಳಿ, ಕಿಡಿ ಈ ಮೂರೂ ಸರಿಯಾದ ಹೊತ್ತಿಗೆ ಸೇರಿದರೆ ಗಾಡಿ ಶುರುವಾಗಲೇಬೇಕು. ಆಗಲಿಲ್ಲ ಅಂದರೆ ಮೂರರಲ್ಲಿ ಒಂದು ಎಲ್ಲೋ ತಪ್ಪಿದೆ ಅಂತ ಅರ್ಥ.

ಮೊದಲು ಕಿಕ್ ಹೊಡೆಯಬೇಡಿ

ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಹೊರಗೆ ತಂದ ತಕ್ಷಣ ‘ನೋಡೋಣ’ ಅಂತ ಕಿಕ್ ಹೊಡೆಯುವುದೇ ದೊಡ್ಡ ತಪ್ಪು. ನಮ್ಮ ಗಾಡಿಯನ್ನು ಮೊದಲು ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ಅಲ್ಲಿ ಸೀದಾ ಪೆಟ್ರೋಲು ಹಾಕಿ ಇಪ್ಪತ್ತು ಮೂವತ್ತು ಕಿಕ್ ಹೊಡೆದರು. ತುಕ್ಕಿಗೆ ಅಂಟಿಕೊಂಡಿದ್ದ ರಿಂಗು ಮುರಿದು ಸಿಲಿಂಡರಿನಲ್ಲಿ ಗೀರು ಬಿತ್ತು. ಸಿಲಿಂಡರಿನ ಒಳಗೋಡೆ ಕೊರೆಸಿ ಹೊಸ ಪಿಸ್ಟನ್ ಹಾಕಿಸಬೇಕಾಯಿತು. ಸ್ವಲ್ಪ ತಾಳ್ಮೆ ಇದ್ದಿದ್ದರೆ ಆ ಖರ್ಚು ಉಳಿಯುತ್ತಿತ್ತು.

ಹಾಗಾಗಿ ಮೊದಲ ದಿನ ಇಷ್ಟೇ ಮಾಡಿ. ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಒರೆಸುವ ಮೊದಲೇ ನಾಲ್ಕೂ ಕಡೆಯಿಂದ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ವೈರುಗಳದ್ದು ಜಾಸ್ತಿ ತೆಗೆಯಿರಿ. ಎಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಅರ್ಧ ಡೀಸೆಲ್, ಅರ್ಧ ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಬೆರೆಸಿ ಎರಡು ಮೂರು ದೊಡ್ಡ ಚಮಚ ಬಿಡಿ. ತೂತಿಗೆ ಬಟ್ಟೆ ಮುಚ್ಚಿ ಮೂರು ದಿನ ಹಾಗೇ ಬಿಟ್ಟುಬಿಡಿ. ಆಮೇಲೆ ಮೇಲಿನ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಪಿಸ್ಟನ್ ಬಿಟ್ಟುಕೊಂಡರೆ ಕೈಗೇ ಗೊತ್ತಾಗುತ್ತದೆ. ಬಿಡದಿದ್ದರೆ ಇನ್ನಷ್ಟು ಎಣ್ಣೆ, ಇನ್ನೂ ಮೂರು ದಿನ. ಜೋರು ಮಾಡಬೇಡಿ.

ಟ್ಯಾಂಕು ತೊಳೆಯುವುದು

ನಿಂತ ಗಾಡಿಯ ಟ್ಯಾಂಕಿನಲ್ಲಿ ತುಕ್ಕು ಇದ್ದೇ ಇರುತ್ತದೆ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಹಳೆ ಪೆಟ್ರೋಲನ್ನು ಪೂರ್ತಿ ಇಳಿಸಿ. ಇದನ್ನು ಬಯಲಲ್ಲೇ ಮಾಡಿ. ಹತ್ತಿರ ಬೀಡಿ, ಒಲೆ, ದೀಪ ಯಾವುದೂ ಇರಬಾರದು. ಖಾಲಿ ಟ್ಯಾಂಕಿನ ಆವಿಯೂ ಹೊತ್ತಿಕೊಳ್ಳುತ್ತದೆ. ತೂತು ಬಿದ್ದಿದ್ದರೆ ತೊಳೆಯದೆ ವೆಲ್ಡಿಂಗಿಗೆ ಒಯ್ಯಲೇಬೇಡಿ.

ತುಕ್ಕಿಗೆ ನಾನು ಬಳಸಿದ್ದು ಅಡುಗೆಮನೆಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಲೀಟರ್ ಬಿಸಿನೀರಿಗೆ 100 ಗ್ರಾಂ ಕರಗಿಸಿ ಟ್ಯಾಂಕು ತುಂಬಿಸಿ. ಒಳಗೆ ಒಂದು ಹಿಡಿ ಹಳೆ ನಟ್ಟುಗಳನ್ನು ಹಾಕಿ ಆಗಾಗ ಅಲುಗಾಡಿಸಿ. ಎಂಟು ಹತ್ತು ಗಂಟೆ ಸಾಕು. ಜಾಸ್ತಿ ಬಿಟ್ಟರೆ ತಗಡನ್ನೇ ತಿನ್ನುತ್ತದೆ. ಹೊರಗಿನ ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ. ಆಮೇಲೆ ಟ್ಯಾಂಕಿನೊಳಗಿನ ಹುಳಿ ನೀರು ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒಮ್ಮೆ, ಬರೀ ನೀರಿನಿಂದ ಎರಡು ಸಲ ತೊಳೆಯಿರಿ. ಕೊನೆಗೆ ನಟ್ಟುಗಳನ್ನು ಎಣಿಸಿ ಹೊರಗೆ ತೆಗೆಯಿರಿ. ಒಣಗಿಸುವುದಕ್ಕೆ ನಮ್ಮೂರ ಬಿಸಿಲಿದೆಯಲ್ಲ, ಏಪ್ರಿಲ್ ತಿಂಗಳಾದರೆ ಒಂದು ಮಧ್ಯಾಹ್ನ ಸಾಕು. ಒಣಗಿದ ಕೂಡಲೇ ಸ್ವಲ್ಪ ಟೂಟಿ ಆಯಿಲ್ ಹಾಕಿ ಒಳಗೆಲ್ಲ ಹರಿದಾಡಿಸಿ. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಹೊಸ ತುಕ್ಕು ಕೂತಿರುತ್ತದೆ.

ಪೆಟ್ರೋಲ್ ಪೈಪನ್ನು ಹೊಸದು ಹಾಕಿಬಿಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥೆನಾಲ್ ಇರುತ್ತದೆ. ಅದು ಹಳೆ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಕಾಕಿನ ವಾಷರ್, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಗ್ಯಾಸ್ಕೆಟ್ ಕೂಡ ಇದೇ ಹೊತ್ತಿಗೆ ಬದಲಾಯಿಸಿ.

ಕಾರ್ಬೊರೇಟರ್

ಬಿಚ್ಚುವ ಮೊದಲು ಅಗಲವಾದ ತಟ್ಟೆ ಇಟ್ಟುಕೊಳ್ಳಿ. ಸಣ್ಣ ಸ್ಕ್ರೂ ಮಣ್ಣಿಗೆ ಬಿದ್ದರೆ ಸಿಗುವುದಿಲ್ಲ. ಕೆಳಗಿನ ಬಟ್ಟಲಿನಲ್ಲಿ ಹಳೆ ಪೆಟ್ರೋಲು ಒಣಗಿ ಜೇನಿನ ಬಣ್ಣದ ಅಂಟಾಗಿರುತ್ತದೆ. ಅದೇ ಅಂಟು ಪೆಟ್ರೋಲನ್ನು ಅಳೆದು ಬಿಡುವ ಜೆಟ್ಟುಗಳ ಸಣ್ಣ ತೂತನ್ನೂ ಮುಚ್ಚಿರುತ್ತದೆ. ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, ದುಂಡಗಿನ ಚುಕ್ಕೆಯಂತೆ ಬೆಳಕು ಕಾಣಬೇಕು. ಕಾಣದಿದ್ದರೆ ಕಾರ್ಬ್ ಕ್ಲೀನರ್ ಹೊಡೆದು ನೆನೆಯಲು ಬಿಡಿ. ಸೂಜಿ, ಗುಂಡುಪಿನ್ನು ಹಾಕಿ ಚುಚ್ಚಬೇಡಿ. ಜೆಟ್ಟು ಹಿತ್ತಾಳೆಯದು, ತೂತು ಕೂದಲಷ್ಟು ದೊಡ್ಡದಾದರೂ ಲೆಕ್ಕ ಕೆಡುತ್ತದೆ. ವೈರಿನೊಳಗಿನ ತಾಮ್ರದ ಒಂದೇ ಎಳೆ ಸಾಕು.

ಒರೆಸಲು ಹಳೆ ಬನಿಯನ್ ಬಟ್ಟೆಯೇ ಒಳ್ಳೆಯದು. ಬಳ್ಳಾರಿಯಲ್ಲಿ ಜೀನ್ಸ್ ಕಟ್ ಪೀಸ್ ಧಾರಾಳವಾಗಿ ಸಿಗುತ್ತದೆ, ಆದರೆ ಅದರ ನೂಲು ಬಿಡುತ್ತದೆ. ಅದನ್ನು ಗ್ರೀಸ್ ಒರೆಸಲು ಇಟ್ಟುಕೊಳ್ಳಿ. ಜೋಡಿಸುವಾಗ ಏರ್ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ತೆಗೆಯಿರಿ. ಶುರು ಮಾಡಲು ಅಷ್ಟು ಸಾಕು. ಎಂಜಿನ್ ಬಿಸಿಯಾದ ಮೇಲೆ ಕಿವಿಯಿಟ್ಟು ಸರಿಮಾಡಿಕೊಳ್ಳಬಹುದು.

ಕಿಡಿ: ಇಲ್ಲಿ ಅವಸರ ಬೇಡ

ಹತ್ತರಲ್ಲಿ ಆರೇಳು ಹಳೆ ಗಾಡಿ ಹಠ ಹಿಡಿಯುವುದು ಪಾಯಿಂಟಿನಲ್ಲಿ. ಇದು ನನ್ನ ಅನುಭವದ ಮಾತು. ಬಲಗಡೆಯ ಡೈನಮೊ ಮುಚ್ಚಳ ಬಿಚ್ಚಿದರೆ ಪಾಯಿಂಟ್ ಕಾಣುತ್ತದೆ. ಎದುರುಬದುರಾಗಿ ಕೂತ ಎರಡು ಪುಟ್ಟ ಲೋಹದ ಚುಕ್ಕೆಗಳು. ಅವು ತೆರೆದುಕೊಳ್ಳುವ ಕ್ಷಣದಲ್ಲೇ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ.

ನಮ್ಮ ಗಾಡಿಯದನ್ನು ತೆರೆದಾಗ ಒಂದು ಚುಕ್ಕೆಯ ಮೇಲೆ ಸಣ್ಣ ದಿಬ್ಬ, ಇನ್ನೊಂದರಲ್ಲಿ ಅದಕ್ಕೆ ಸರಿಯಾಗಿ ಒಂದು ಗುಂಡಿ. ಸುತ್ತ ಬೂದಿ ಬಣ್ಣದ ಪುಡಿ, ಅದರ ಮೇಲೆ ನಮ್ಮೂರ ಕೆಂಪು ಧೂಳು. ಎಮೆರಿ ಪೇಪರ್ ನಡುವೆ ತೂರಿಸಿ ಮೆಲ್ಲಗೆ ಎಳೆದೆ. ನಾಲ್ಕೈದು ಸಲಕ್ಕೆ ಲೋಹ ಹೊಳೆಯಿತು. ಕೊನೆಗೆ ಬಿಳಿ ಹಾಳೆಯ ತುಂಡೊಂದನ್ನು ಅದೇ ಜಾಗದಲ್ಲಿ ಎಳೆಯಬೇಕು. ಹಾಳೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಎಳೆಯಿರಿ. ಕೈಬೆರಳ ಎಣ್ಣೆ ಹತ್ತಿದರೂ ಕಿಡಿ ಬರುವುದಿಲ್ಲ.

ಆಮೇಲೆ ಎಂಜಿನ್ ತಿರುಗಿಸಿ ಪಾಯಿಂಟ್ ಪೂರ್ತಿ ಬಾಯಿ ತೆರೆಯುವ ಜಾಗಕ್ಕೆ ತನ್ನಿ. ಸಂದು 0.4 ಮಿ.ಮೀ. ಇರಬೇಕು. ಸಂದು ಅಳೆಯುವ ಫೀಲರ್ ಗೇಜ್ ತುಂಬಾ ದುಬಾರಿಯ ವಸ್ತುವಲ್ಲ, ಒಂದು ತೆಗೆದುಕೊಳ್ಳಿ. ಅದರ ಎಲೆ ಸಂದಿನಲ್ಲಿ ಸ್ವಲ್ಪವೇ ತಡೆದು ಜಾರಿದರೆ ಸರಿಯಿದೆ. ಪ್ಲಗ್ಗಿನ ಸಂದು 0.6 ಮಿ.ಮೀ.

ಬ್ಯಾಟರಿ ಹೊಸದೇ ಬೇಕು. ಹಳೆಯ ಜಾವಾ, ಯೆಜ್ಡಿಗಳಲ್ಲಿ 6 ವೋಲ್ಟಿನದು ಇರುತ್ತದೆ. ಬ್ಯಾಟರಿ ಸತ್ತಿದ್ದರೆ ಎಷ್ಟು ಕಿಕ್ ಹೊಡೆದರೂ ವ್ಯರ್ಥ. ಈಗ ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ಸಿಲಿಂಡರಿನ ರೆಕ್ಕೆಗೆ ತಾಗಿಸಿ ಹಿಡಿಯಿರಿ. ಪ್ಲಗ್ ತೂತಿಗೆ ಬಟ್ಟೆ ತುರುಕಿರಿ, ಆವಿ ಹೊರಬಂದು ಕಿಡಿಗೆ ಹೊತ್ತಿಕೊಳ್ಳಬಾರದು. ಕೀ ಹಾಕಿ ಮೆಲ್ಲಗೆ ಕಿಕ್ ಮಾಡಿ. ನೀಲಿ ಕಿಡಿ ಚಟ್ ಅಂತ ಬಂದರೆ ಗೆದ್ದಿರಿ. ಪ್ಲಗ್ಗಿನಲ್ಲಿ ಕಿಡಿ ಮಂಕಾಗಿದ್ದು, ಪಾಯಿಂಟಿನಲ್ಲೇ ದೊಡ್ಡ ಕಿಡಿ ಹಾರುತ್ತಿದ್ದರೆ ಪಾಯಿಂಟಿನ ಕಿಡಿ ತಡೆಯುವ ಕಂಡೆನ್ಸರ್ ಹೋಗಿದೆ.

ಉಳಿದ ಸಣ್ಣ ಕೆಲಸಗಳು

ಗೇರ್ ಬಾಕ್ಸಿನ ಎಣ್ಣೆ ಇಳಿಸಿ. ಮಜ್ಜಿಗೆಯ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ, ಒಮ್ಮೆ ಹೊಸ ಎಣ್ಣೆ ಹಾಕಿ ಓಡಿಸಿ ಅದನ್ನೂ ಇಳಿಸಬೇಕು. ಕ್ಲಚ್, ಬ್ರೇಕ್ ಕೇಬಲ್ಲುಗಳ ಎಳೆ ಒಂದು ತುಂಡಾಗಿದ್ದರೂ ಬದಲಾಯಿಸಿ. ಬ್ರೇಕ್ ಡ್ರಮ್ಮಿನೊಳಗಿನ ಪುಡಿಯನ್ನು ಬಾಯಿಂದ ಊದಬೇಡಿ. ಹಳೆ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 2214 ಅಂತಿದ್ದರೆ 2014ರ 22ನೇ ವಾರದ್ದು. ಅಂಥ ಟಯರಿನಲ್ಲಿ ಹಲ್ಲು ಚೆನ್ನಾಗಿದ್ದರೂ ರಬ್ಬರು ಕಲ್ಲಾಗಿರುತ್ತದೆ. ನಂಬಬೇಡಿ.

ಬಿಡಿಭಾಗ ತರುವಾಗ ಒಂದು ಎಚ್ಚರ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂತು. ಅವು ಫೋರ್ ಸ್ಟ್ರೋಕ್ ಗಾಡಿಗಳು, ಅವುಗಳ ಎಂಜಿನ್ ಭಾಗ ಹಳೆಯದಕ್ಕೆ ಕೂರುವುದಿಲ್ಲ. ಅಂಗಡಿಗೆ ಹಳೆ ಭಾಗವನ್ನೇ ಒಯ್ದು ತಾಳೆ ನೋಡಿ.

ಶುರು ಮಾಡುವ ದಿನ

ಪೆಟ್ರೋಲನ್ನು ಬೇರೆ ಡಬ್ಬಿಯಲ್ಲಿ ಬೆರೆಸಿ ಹಾಕಿ. ಲೀಟರಿಗೆ 40 ಮಿ.ಲೀ. ಟೂಟಿ ಆಯಿಲ್. ಈ ಎಂಜಿನ್ನಿನ ಪಿಸ್ಟನ್ನಿಗೆ, ಅದು ತಿರುಗಿಸುವ ಕ್ರ್ಯಾಂಕಿಗೆ ಬೇರೆ ಎಣ್ಣೆಯೇ ಇಲ್ಲ, ಪೆಟ್ರೋಲಿನ ಜೊತೆ ಬರುವುದಷ್ಟೇ. ಮರೆತರೆ ಎಂಜಿನ್ ಹಿಡಿದುಬಿಡುತ್ತದೆ.

ಗಾಡಿ ಬಯಲಲ್ಲಿರಲಿ. ಕಾಕ್ ತೆರೆದು, ಕಾರ್ಬೊರೇಟರಿನ ಮೇಲಿನ ಗುಂಡಿಯನ್ನು ಪೆಟ್ರೋಲು ಒಸರುವವರೆಗೆ ಒತ್ತಿ. ಕೀ ಹಾಕದೆ ಮೂರು ನಾಲ್ಕು ಕಿಕ್. ಆಮೇಲೆ ಕೀ ಹಾಕಿ. ಈ ಗಾಡಿಯಲ್ಲಿ ಗೇರಿನ ಕಡ್ಡಿಯೇ ಕಿಕ್ಕರ್ ಕೂಡ. ಎಡಗಾಲಿನಿಂದ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ಹೊಡೆಯಬೇಕು. ಮೊದಲು ದಟ್ಟ ಹೊಗೆ ಬರುತ್ತದೆ. ಒಳಗೆ ಬಿಟ್ಟ ಎಣ್ಣೆ ಉರಿಯುತ್ತಿದೆ, ಗಾಬರಿ ಬೇಡ. ನಮ್ಮ ಗಾಡಿ ಏಳನೇ ಕಿಕ್ಕಿಗೆ ಎದ್ದಿತು. ಆ ಸದ್ದು ಕೇಳಿ ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. “ನಿಮ್ಮಪ್ಪ ಬಂದಂಗಾತು ನೋಡು” ಅಂದಳು.

ಎಂಜಿನ್ನಿನ ವೇಗ ತಾನಾಗಿ ಏರುತ್ತಾ ಹೋದರೆ, ಆಕ್ಸಿಲರೇಟರ್ ಬಿಟ್ಟರೂ ಇಳಿಯದಿದ್ದರೆ, ಇಲ್ಲವೇ ಹತ್ತು ನಿಮಿಷ ಕಳೆದರೂ ಬಿಳಿ ಹೊಗೆ ನಿಲ್ಲದೆ ಗೇರ್ ಎಣ್ಣೆ ಕಡಿಮೆಯಾಗುತ್ತಿದ್ದರೆ ತಕ್ಷಣ ಆರಿಸಿ. ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿದೆ. ಎಂಜಿನ್ ಇಬ್ಭಾಗ ಮಾಡುವ ಕೆಲಸ ಅದು. ಹಳೆ ಜಾವಾ ಬಲ್ಲ ಮಿಸ್ತ್ರಿಗೇ ಕೊಡಿ.

ನಮ್ಮ ಧೂಳಿಗೆ, ನಮ್ಮ ಬಿಸಿಲಿಗೆ

ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ಓಡಿಸಿದವರಿಗೆ ಆ ಕೆಂಪು ಧೂಳು ಗೊತ್ತು. ಅದು ಎಣ್ಣೆಯ ಜೊತೆ ಸೇರಿದರೆ ಸಾಣೆ ಹಿಡಿಯುವ ಲೇಪವಾಗುತ್ತದೆ. ಏರ್ ಫಿಲ್ಟರ್ ದಾಟಿ ಒಳಗೆ ಹೋದರೆ ಪಿಸ್ಟನ್ ಸವೆಸುತ್ತದೆ. ಬೇರೆ ಊರಿನಲ್ಲಿ ತಿಂಗಳಿಗೊಮ್ಮೆ ನೋಡುವ ಫಿಲ್ಟರನ್ನು ಇಲ್ಲಿ ವಾರಕ್ಕೊಮ್ಮೆ ನೋಡಿ. ಜಾಲರಿಯದಾದರೆ ಡೀಸೆಲಿನಲ್ಲಿ ತೊಳೆದು ತೆಳ್ಳಗೆ ಎಣ್ಣೆ ಸವರಿ. ಕಾಗದದ್ದಾದರೆ ತೊಳೆಯದೆ ಹೊಸದು ಹಾಕಿ.

ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮೊದಲ ನೂರು ಕಿಲೋಮೀಟರ್ ಬೆಳಗ್ಗೆಯೇ ಓಡಿಸಿ, 15 ಕಿಲೋಮೀಟರಿಗೊಮ್ಮೆ ನಿಲ್ಲಿಸಿ ತಣಿಸಿ. ಸಂಡೂರಿನ ಇಳಿಜಾರಿನಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಯಬೇಡಿ. ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಿತು. ಆಗಾಗ ಕ್ಲಚ್ ಹಿಡಿದು ಸ್ವಲ್ಪ ರೇಸ್ ಮಾಡುತ್ತಾ ಇಳಿಯಿರಿ. ಮನೆಗೆ ಬಂದ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಕಾಫಿಪುಡಿಯ ಬಣ್ಣವಿದ್ದರೆ ಒಳ್ಳೆಯದು. ಕಪ್ಪಗಿದ್ದರೆ ಪೆಟ್ರೋಲು ಜಾಸ್ತಿ. ಬೆಳ್ಳಗಿದ್ದರೆ ಪೆಟ್ರೋಲು ಸಾಲುತ್ತಿಲ್ಲ, ಓಡಿಸುವುದು ನಿಲ್ಲಿಸಿ.

ಕಾಗದಪತ್ರವೂ ಸರಿಯಿರಲಿ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ಆರ್‌ಟಿಒದಲ್ಲಿ ನವೀಕರಿಸಬೇಕು. 50 ವರ್ಷ ದಾಟಿದ್ದು, ಮೂಲ ರೂಪ ಉಳಿದಿದ್ದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಮಾಡಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಹಾಗೆ ಮಾಡಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಸಂತೆಗೆ, ಹೊಲಕ್ಕೆ ಒಯ್ಯುವ ಆಸೆ ಇದ್ದವರು ಹಳೆ ನೋಂದಣಿಯನ್ನೇ ಉಳಿಸಿಕೊಳ್ಳುವುದು ಮೇಲು.

ಇನ್ನು ಪ್ರತಿ ಸಲ ಗಾಡಿ ನಿಲ್ಲಿಸುವಾಗ, ವಾರದ ಮಟ್ಟಿಗೆ ಓಡಿಸುವುದಿಲ್ಲ ಅಂತ ಗೊತ್ತಿದ್ದರೆ, ಮನೆ ಇನ್ನೂ ಅರ್ಧ ಕಿಲೋಮೀಟರ್ ಇರುವಾಗಲೇ ಪೆಟ್ರೋಲ್ ಕಾಕ್ ಬಂದ್ ಮಾಡಿ. ಅಂಗಳಕ್ಕೆ ಬರುವಷ್ಟರಲ್ಲಿ ಕಾರ್ಬೊರೇಟರಿನಲ್ಲಿದ್ದ ಪೆಟ್ರೋಲು ಮುಗಿದು ಎಂಜಿನ್ ತಾನಾಗಿ ಆರುತ್ತದೆ, ಬಟ್ಟಲಿನಲ್ಲಿ ಅಂಟು ಕಟ್ಟುವುದಿಲ್ಲ.