ಹುಸಿ ತಳ: ಮಾಸ್ಟಾಯ್ಡ್ ಮೂಳೆ ಕೊರೆಯಲು ಕಲಿತ ನನ್ನ ಅನುಭವ

ಕಿವಿ, ಮೂಗು, ಗಂಟಲು ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ, ರೋಗಿಯ ಕಿವಿಗೆ ಡ್ರಿಲ್ ಹಿಡಿಯುವ ಮುನ್ನ, ಶವದಿಂದ ತೆಗೆದು ಫಾರ್ಮಲಿನ್‌ನಲ್ಲಿ ಇಟ್ಟಿದ್ದ ಟೆಂಪೊರಲ್ ಮೂಳೆಗಳನ್ನು (ತಲೆಬುರುಡೆಯಲ್ಲಿ ಕಿವಿಯನ್ನು ಒಳಗೊಂಡ ಮೂಳೆ) ಕೊರೆದು ಕಲಿಯಬೇಕಿತ್ತು. ಕಿವಿಯ ಹಿಂದೆ ಬೆರಳಿಗೆ ಸಿಗುವ ಮಾಸ್ಟಾಯ್ಡ್ ಉಬ್ಬು ಹೊರಗೆ ಗಟ್ಟಿಯಾಗಿದ್ದರೂ ಒಳಗೆ ಸಾಮಾನ್ಯವಾಗಿ ಜೇನುಗೂಡಿನಂತೆ ಗಾಳಿಕೋಶಗಳಿಂದ ತುಂಬಿರುತ್ತದೆ. ಆ ಕೋಶಗಳನ್ನು ಮಧ್ಯಕಿವಿಗೆ ಜೋಡಿಸುವ ಆಂಟ್ರಮ್ ಎಂಬ ಕುಳಿಯನ್ನು ತಲುಪುವುದು ಮೊದಲ ಘಟ್ಟ. ವಯಸ್ಕರಲ್ಲಿ ಅದು ಮೇಲ್ಮೈಯಿಂದ ಸುಮಾರು 15 ಮಿಲಿಮೀಟರ್ ಆಳದಲ್ಲಿದೆ ಎಂದು ಬಾಯಿಪಾಠ ಮಾಡಿಕೊಂಡಿದ್ದೆ.

ಡ್ರಿಲ್ಲಿಗೆ ದೊಡ್ಡ ಕಟಿಂಗ್ ಬರ್ (ಮೂಳೆ ಕೊರೆಯುವ ತುದಿ) ಹಾಕಿ, ನೀರು ಹಾಯಿಸುತ್ತಾ ಕೊರೆಯುತ್ತಿದ್ದಾಗ, ಎಣಿಸಿದ್ದಕ್ಕಿಂತ ಬೇಗನೆ ನುಣುಪಾದ ಮೂಳೆಯ ಹಾಳೆಯೊಂದು ಎದುರಾಯಿತು. ಆಂಟ್ರಮ್‌ನ ಒಳಗೋಡೆಯೇ ಸಿಕ್ಕಿತೆಂದು ಭಾವಿಸಿ ಬರ್ ಅನ್ನು ಕೆಳಕ್ಕೆ, ಕಿವಿನಾಳದ ಹಿಂಗೋಡೆಯ ಕಡೆಗೆ ತಿರುಗಿಸಿದೆ. ಸ್ವಲ್ಪ ಹೊತ್ತಿನಲ್ಲೇ ಮೂಳೆಪುಡಿ ಬೆರೆತ ನೀರಿನಲ್ಲಿ ತುಂಡಾದ ಬಿಳಿ ನೂಲಿನಂಥದ್ದೊಂದು ಕಾಣಿಸಿತು. ಅದು ಮುಖದ ನರ. ಬದುಕಿರುವ ರೋಗಿಯಾಗಿದ್ದರೆ ಅರ್ಧ ಮುಖ ಜೋತುಬೀಳುತ್ತಿತ್ತು. ಮೈಕ್ರೋಸ್ಕೋಪಿನಲ್ಲಿ ಇಣುಕಿದ ಪ್ರಾಧ್ಯಾಪಕರು, “ಇದೇ ತಳ ಅಂತ ಯಾರು ಹೇಳಿದ್ದು, ಡಾಕ್ಟ್ರೇ?” ಎಂದಷ್ಟೇ ಕೇಳಿದರು.

ನಾನು ನಂಬಿದ್ದು ಕೋರ್ನರ್ ಸೆಪ್ಟಮ್ ಎಂಬ ಹುಸಿ ಗೋಡೆಯನ್ನು. ಟೆಂಪೊರಲ್ ಮೂಳೆಯ ಸ್ಕ್ವಾಮಸ್ ಮತ್ತು ಪೆಟ್ರಸ್ ಭಾಗಗಳು ಬೆಸೆದುಕೊಂಡ ಗಡಿಯಲ್ಲಿ ಕೆಲವರಿಗೆ ಇದು ಉಳಿದುಬಿಡುತ್ತದೆ. ಮೇಲಕ್ಕೆ, ಮುಂದಕ್ಕೆ ಸರಿದು ಆ ಹಾಳೆಯನ್ನೇ ಕೊರೆದಾಗ ನಿಜವಾದ ಆಂಟ್ರಮ್ ತೆರೆದುಕೊಂಡಿತು. ಅದರ ಒಳಗೋಡೆಯಲ್ಲಿ ದೇಹದ ಸಮತೋಲನಕ್ಕೆ ನೆರವಾಗುವ ಒಳಕಿವಿಯ ನಾಳವಾದ ಲ್ಯಾಟರಲ್ ಸೆಮಿಸರ್ಕ್ಯುಲರ್ ಕೆನಾಲಿನ ಗುಮ್ಮಟ ದಂತದಂತೆ ಹೊಳೆಯುತ್ತಿತ್ತು. ಮುಖದ ನರ ಆ ಗುಮ್ಮಟದ ಬುಡದಲ್ಲೇ ಹಾದು ಕೆಳಕ್ಕೆ ತಿರುಗುತ್ತದೆ.

ಮುಂದಿನ ಮೂಳೆಗಳಲ್ಲಿ ಆಳದ ಲೆಕ್ಕ ಬಿಟ್ಟು ಗುರುತುಗಳನ್ನು ಹಿಡಿದು ಹೋಗಲು ಕಲಿತೆ. ಬಣ್ಣಗಳ ಪಾಠ ಮಾತ್ರ ದೊರೆತದ್ದು ಆಪರೇಷನ್ ಥಿಯೇಟರಿನಲ್ಲಿ, ಏಕೆಂದರೆ ಫಾರ್ಮಲಿನ್ ಎಲ್ಲವನ್ನೂ ಬೂದುಮಾಡಿಬಿಡುತ್ತದೆ. ಮೇಲೆ ಮಿದುಳಿನ ಹೊದಿಕೆಯಾದ ಡ್ಯೂರಾ ಹತ್ತಿರವಾದಂತೆ ಮೂಳೆ ನಸುಗೆಂಪಾಗಿ ಡ್ರಿಲ್ಲಿನ ಸದ್ದು ಏರುತ್ತದೆ. ಹಿಂದೆ ಸಿಗ್ಮಾಯ್ಡ್ ಸೈನಸ್ ಎಂಬ ದೊಡ್ಡ ರಕ್ತನಾಳ ನೀಲಿಯಾಗಿ ಮಸುಕಾಗಿ ತೋರುತ್ತದೆ. ಜರ್ಮನ್ ಕಿವಿತಜ್ಞ ಹರ್ಮನ್ ಶ್ವಾರ್ಟ್ಸೆ 1873ರಲ್ಲಿ ಈ ಮಾಸ್ಟಾಯ್ಡ್ ಶಸ್ತ್ರಕ್ರಿಯೆಯನ್ನು ಕ್ರಮವಾಗಿ ವಿವರಿಸಿದಾಗ ಕೈಯಲ್ಲಿದ್ದುದು ಉಳಿ ಮತ್ತು ಸುತ್ತಿಗೆ ಎಂಬುದನ್ನು ನೆನೆದರೆ ನನಗೆ ಈಗಲೂ ದಿಗಿಲಾಗುತ್ತದೆ.

ವರ್ಷಗಟ್ಟಲೆ ಕಿವಿ ಸೋರಿದವರಲ್ಲಿ ಕೋಶಗಳೇ ಇಲ್ಲದ ಕಲ್ಲಿನಂಥ ಮೂಳೆ ಸಿಗುವುದೇ ಹೆಚ್ಚು. ಡ್ಯೂರಾ ಕೆಳಗಿಳಿದು, ಸೈನಸ್ ಮುಂದೆ ಬಂದು, ಬರ್ ಆಡಲು ಜಾಗವೇ ಇರುವುದಿಲ್ಲ. ಅಲ್ಲಿ ಸಿಟಿ ಸ್ಕ್ಯಾನನ್ನು ಎದುರಿಗಿಟ್ಟುಕೊಂಡು ಮೊದಲು ಡ್ಯೂರಾದ ಅಂಚನ್ನು ಗುರುತಿಸಿ, ಅದನ್ನೇ ಅನುಸರಿಸಿ ಮುಂದಕ್ಕೆ ಹೋಗುತ್ತೇನೆ. ಗುಮ್ಮಟ ಕಣ್ಣಿಗೆ ಬೀಳುವವರೆಗೆ ಬರ್ ಅನ್ನು ಕೆಳಕ್ಕೆ ತಿರುಗಿಸುವುದಿಲ್ಲ.