25 ಲೈಸೆನ್ಸ್ ಇದ್ದಾಗ 26ನೆಯವರನ್ನು ತಡೆಯುವುದು ಹೇಗೆ?

ಸಂಸ್ಥೆಯಲ್ಲಿ 200 ಮಂದಿಗೆ ಖಾತೆ ಇರಲಿ, ಒಂದೇ ಹೊತ್ತಿಗೆ 25 ಮಂದಿ ಮಾತ್ರ ಒಳಗಿರಬಹುದು: ಏಕಕಾಲಿಕ ಬಳಕೆದಾರರ ಲೈಸೆನ್ಸ್ ಎಂದರೆ ಇದು. ಜಾವಾ ವೆಬ್ ಅಪ್ಲಿಕೇಶನ್‌ಗೆ ಈ ಮಿತಿ ಹಾಕಲು ಹೊರಟವರಿಗೆ ಮೊದಲು ಹೊಳೆಯುವುದು ಎಚ್‌ಟಿಟಿಪಿ ಸೆಷನ್ ಲಿಸನರ್. ಸೆಷನ್ ಎಂದರೆ ಒಂದು ಬ್ರೌಸರ್‌ಗಾಗಿ ಸರ್ವರ್ ಇಟ್ಟುಕೊಳ್ಳುವ ನೆನಪು; ಅದರ ಹುಟ್ಟು-ಸಾವಿನ ಸುದ್ದಿ ಕೇಳುವ ಕೋಡ್ ಲಿಸನರ್. ಸೆಷನ್ ಹುಟ್ಟಿದಾಗ ಲೆಕ್ಕಕ್ಕೆ ಒಂದು ಕೂಡಿಸುವುದು, ಮುಗಿದಾಗ ಒಂದು ಕಳೆಯುವುದು. ದಯವಿಟ್ಟು ಹೀಗೆ ಮಾಡಬೇಡಿ. ಜೆಎಸ್‌ಪಿ (ಜಾವಾ ಕೋಡ್ ಬೆರೆತ ವೆಬ್ ಪುಟ) ತಾನಾಗಿಯೇ ಸೆಷನ್ ತೆರೆಯುತ್ತದೆ. ಲಾಗಿನ್ ಪುಟವನ್ನು ಸುಮ್ಮನೆ ನೋಡಿ ಹೋದವರೂ, ಸರ್ವರ್ ನಡೆಯುತ್ತಿದೆಯೇ ಎಂದು ಆಗಾಗ ಬಂದು ನೋಡುವ ಸ್ಕ್ರಿಪ್ಟೂ ಒಂದೊಂದು ಲೈಸೆನ್ಸ್ ನುಂಗುತ್ತವೆ. ಲಾಗಿನ್ ನೋಡಿಕೊಳ್ಳುವ ಜಾವಾ ಲೈಬ್ರರಿ ಸ್ಪ್ರಿಂಗ್ ಸೆಕ್ಯುರಿಟಿಯ ‘ಮ್ಯಾಕ್ಸಿಮಮ್ ಸೆಷನ್ಸ್’ ಕೂಡ ಇಲ್ಲಿ ಒದಗುವುದಿಲ್ಲ. ಅದು ಒಬ್ಬೊಬ್ಬ ಬಳಕೆದಾರರಿಗೆ ಎಷ್ಟು ಸೆಷನ್ ಎಂದು ನೋಡುತ್ತದೆ, ಒಟ್ಟು ಎಷ್ಟು ಮಂದಿ ಎಂದು ನೋಡುವುದಿಲ್ಲ.

ಎಣಿಸಬೇಕಾದದ್ದು ಸೀಟು, ಅಂದರೆ ಲಾಗಿನ್ ಆದ ಒಬ್ಬರು ಹಿಡಿಯುವ ಒಂದು ಲೈಸೆನ್ಸ್. ಆ ಸೀಟಿಗೆ ಅವಧಿಯೂ ಇರಬೇಕು. ಬ್ರೌಸರ್ ಮುಚ್ಚಿದರೆ ಸರ್ವರ್‌ಗೆ ಸುದ್ದಿ ತಲುಪುವುದಿಲ್ಲ. ಜಾವಾ ವೆಬ್ ಸರ್ವರ್ ಆದ ಟಾಮ್‌ಕ್ಯಾಟ್‌ನ ಸೆಷನ್ ಅವಧಿ ಮಾಮೂಲಾಗಿ 30 ನಿಮಿಷ, ಅಷ್ಟು ಹೊತ್ತೂ ಖಾಲಿ ಕುರ್ಚಿಯ ಮೇಲೆ ಟವೆಲ್ ಹಾಕಿಟ್ಟ ಹಾಗೆ ಸೀಟು ಹಿಡಿದೇ ಇರುತ್ತದೆ.

ಸೀಟಿನ ಟೇಬಲ್

ಲೆಕ್ಕವನ್ನು ಜಾವಾದ ಮೆಮೊರಿಯಲ್ಲಿ ಇಡಬೇಡಿ. ಎಣಿಕೆಗೆ ಬಳಸುವ ಅಟಾಮಿಕ್ ಇಂಟಿಜರ್ ಆಗಲಿ ಸೆಮಫೋರ್ ಆಗಲಿ ಒಂದು ಜೆವಿಎಂಗೆ (ಜಾವಾ ಪ್ರೋಗ್ರಾಂ ಓಡಿಸುವ ಯಂತ್ರಾಂಶ) ಮಾತ್ರ ಸೀಮಿತ; ರಿಕ್ವೆಸ್ಟ್‌ಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದೆ ಎರಡು ಸರ್ವರ್ ನಿಲ್ಲಿಸಿದ ದಿನ 25 ಇದ್ದದ್ದು 50 ಆಗುತ್ತದೆ. ಡೇಟಾಬೇಸ್‌ನಲ್ಲಿ ನಾಲ್ಕು ಕಾಲಂಗಳ ಟೇಬಲ್ ಮಾಡಿ: ಸೀಟಿನ ಸಂಖ್ಯೆ, ಬಳಕೆದಾರರ ಐಡಿ, ಟೋಕನ್, ಅವಧಿ ಮುಗಿಯುವ ವೇಳೆ. 25 ಲೈಸೆನ್ಸ್‌ಗೆ 25 ಸಾಲುಗಳನ್ನು ಮೊದಲೇ ತುಂಬಿಸಿಡಿ. ಬಳಕೆದಾರರ ಐಡಿ ಕಾಲಂಗೆ ಯುನಿಕ್ ಇಂಡೆಕ್ಸ್ ಹಾಕಿದರೆ ಒಬ್ಬರೇ ಎರಡು ಸೀಟು ಹಿಡಿಯುವುದು ನಿಲ್ಲುತ್ತದೆ. ಟೋಕನ್ ಎಂದರೆ ಆ ಸೀಟು ಯಾವ ಲಾಗಿನ್‌ನದು ಎಂಬ ಗುರುತು; ಅದಕ್ಕೆ ಯುಯುಐಡಿ (ಮತ್ತೊಂದಕ್ಕೆ ಹೊಂದದ ಉದ್ದನೆಯ ಗುರುತು ಸಂಖ್ಯೆ) ಸಾಕು. ಸೆಷನ್ ಐಡಿಯನ್ನೇ ಟೋಕನ್ ಮಾಡಿಕೊಂಡರೆ ಕೆಡುತ್ತದೆ, ಏಕೆಂದರೆ ಸುರಕ್ಷತೆಗಾಗಿ ಲಾಗಿನ್ ಆದ ಕೂಡಲೇ ಸೆಷನ್ ಐಡಿಯನ್ನು ಬದಲಿಸುವುದು ವಾಡಿಕೆ.

ಸೀಟು ಕೊಡುವುದು

ಪಾಸ್‌ವರ್ಡ್ ಸರಿಯಿದೆಯೆಂದು ಖಚಿತವಾದ ಮೇಲೆ ಸೀಟು ಹುಡುಕಿ. ಮೊದಲೇ ಹುಡುಕಿದರೆ ತಪ್ಪು ಪಾಸ್‌ವರ್ಡ್ ಹೊಡೆಯುವವರೇ ಎಲ್ಲ ಸೀಟು ಹಿಡಿದುಕೊಂಡಾರು. ಸ್ಪ್ರಿಂಗ್ ಸೆಕ್ಯುರಿಟಿ ಬಳಸುವವರು ಇದನ್ನು ಸೆಷನ್ ಅಥೆಂಟಿಕೇಶನ್ ಸ್ಟ್ರಾಟಜಿಯೊಳಗೆ ಬರೆದು, ಸೀಟಿಲ್ಲದಾಗ ಸೆಷನ್ ಅಥೆಂಟಿಕೇಶನ್ ಎಕ್ಸೆಪ್ಶನ್ ಎಸೆಯಬಹುದು.

‘ಎಷ್ಟು ಮಂದಿ ಇದ್ದಾರೆ?’ ಎಂದು ಕೇಳಿ, 24 ಎಂದು ಉತ್ತರ ಬಂದಮೇಲೆ ಸೇರಿಸುವುದು ಇಲ್ಲಿನ ದೊಡ್ಡ ತಪ್ಪು. ಇಬ್ಬರು ಒಟ್ಟಿಗೆ ಕೇಳಿದರೆ ಇಬ್ಬರಿಗೂ 24 ಎಂದೇ ಬರುತ್ತದೆ, ಇಬ್ಬರೂ ಒಳಬರುತ್ತಾರೆ. ಅದರ ಬದಲು ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಪೂರ್ತಿ ಆಗುವ ಅಥವಾ ಪೂರ್ತಿ ರದ್ದಾಗುವ ಡೇಟಾಬೇಸ್ ಕೆಲಸಗಳ ಗುಂಪು) ಹೀಗೆ ಮಾಡಿ: ಮೊದಲು ಅದೇ ಬಳಕೆದಾರರ ಹೆಸರಿನ ಸಾಲು ಇದೆಯೇ ನೋಡಿ, ಇದ್ದರೆ ಅದಕ್ಕೇ ಹೊಸ ಟೋಕನ್, ಹೊಸ ಅವಧಿ ಬರೆಯಿರಿ. ಇಲ್ಲದಿದ್ದರೆ ಖಾಲಿ ಇರುವ ಅಥವಾ ಅವಧಿ ಮುಗಿದ ಒಂದು ಸಾಲನ್ನು ‘ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್’ ಜೊತೆಗೆ ಆರಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಇದು 9.5ರಿಂದ ಇದೆ, ಮೈಎಸ್‌ಕ್ಯೂಎಲ್‌ನಲ್ಲಿ 8ರಿಂದ. ಒಬ್ಬರು ಹಿಡಿದ ಸಾಲನ್ನು ಇನ್ನೊಬ್ಬರು ಕಾಯದೆ ದಾಟಿ ಮುಂದಿನ ಸಾಲಿಗೆ ಹೋಗುತ್ತಾರೆ. ಕೊನೆಯ ಸೀಟಿನಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ: ಅದನ್ನು ಹಿಡಿದಿದ್ದ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆದರೆ, ಅಂದರೆ ರದ್ದಾದರೆ, ಪಕ್ಕದವರಿಗೆ ಸೀಟಿದ್ದೂ ‘ಇಲ್ಲ’ ಎಂದಿರುತ್ತದೆ. ಸಾಲು ಸಿಗದಾಗ ಅರ್ಧ ಸೆಕೆಂಡ್ ಬಿಟ್ಟು ಒಮ್ಮೆ ಮರುಪ್ರಯತ್ನ ಮಾಡಿ.

ಅವಧಿಯ ಲೆಕ್ಕಕ್ಕೆ ಡೇಟಾಬೇಸ್‌ನ ಗಡಿಯಾರವೇ ಇರಲಿ. ಎರಡು ಸರ್ವರ್‌ಗಳ ಗಡಿಯಾರ ಹೊಂದದಿದ್ದರೆ ಕೆಲಸದಲ್ಲಿರುವವರ ಸೀಟು ಬೇರೆಯವರ ಪಾಲಾಗುತ್ತದೆ.

ಸೀಟು ಉಳಿಸುವುದು

ಅವಧಿಯನ್ನು 15 ನಿಮಿಷ ಇಡಿ. ಲಾಗಿನ್ ಆದವರ ಪ್ರತಿ ರಿಕ್ವೆಸ್ಟ್ ಒಂದು ಸರ್ವ್‌ಲೆಟ್ ಫಿಲ್ಟರ್ (ಪುಟಕ್ಕೆ ಮುನ್ನ ಓಡುವ ಕೋಡ್) ಮೂಲಕ ಹೋಗಲಿ, ಅದು ಅವಧಿಯನ್ನು ಮುಂದೂಡಲಿ. ಪ್ರತಿ ಸಲವೂ ಡೇಟಾಬೇಸ್ ಮುಟ್ಟಬೇಕಿಲ್ಲ. ಕೊನೆಯ ನವೀಕರಣದಿಂದ 60 ಸೆಕೆಂಡ್ ಆಗಿದ್ದರೆ ಮಾತ್ರ ಅಪ್‌ಡೇಟ್ ಮಾಡಿ. ‘ರಿಮೆಂಬರ್ ಮಿ’ ಕುಕಿಯಿಂದ ಲಾಗಿನ್ ಪುಟ ದಾಟದೆ ಬಂದವರನ್ನೂ ಇದೇ ಫಿಲ್ಟರ್ ಹಿಡಿಯುತ್ತದೆ.

30 ಸೆಕೆಂಡಿಗೊಮ್ಮೆ ತಾನೇ ರಿಫ್ರೆಶ್ ಆಗುವ ಡ್ಯಾಶ್‌ಬೋರ್ಡ್ ಈ ವ್ಯವಸ್ಥೆಯ ಪರಮ ಶತ್ರು. ಊಟಕ್ಕೆ ಎದ್ದು ಹೋದವರ ಸೀಟು ಸಂಜೆಯವರೆಗೂ ಬಿಡುಗಡೆಯಾಗುವುದಿಲ್ಲ. ಅಂಥ ಯುಆರ್‌ಎಲ್‌ಗಳ ಪಟ್ಟಿ ಮಾಡಿ, ಅವು ಅವಧಿಯನ್ನು ಮುಂದೂಡದಂತೆ ಫಿಲ್ಟರ್‌ನಲ್ಲಿ ಹೊರಗಿಡಿ. ಉದ್ದನೆಯ ಫಾರಂ ತುಂಬುವ ಪುಟಗಳಲ್ಲಿ ಕೀಲಿಮಣೆ ಅಥವಾ ಮೌಸ್ ಆಡಿದಾಗ ಮಾತ್ರ, 5 ನಿಮಿಷಕ್ಕೊಮ್ಮೆಗಿಂತ ಹೆಚ್ಚಾಗದಂತೆ, ಸಣ್ಣ ರಿಕ್ವೆಸ್ಟ್ ಕಳಿಸುವ ಸ್ಕ್ರಿಪ್ಟ್ ಇರಲಿ.

ನವೀಕರಣದ ಅಪ್‌ಡೇಟ್‌ಗೆ ಸೀಟಿನ ಸಂಖ್ಯೆ, ಟೋಕನ್ ಎರಡೂ ಹೊಂದಬೇಕೆಂಬ ಷರತ್ತು ಹಾಕಿ. ಸೊನ್ನೆ ಸಾಲು ಬದಲಾದರೆ ಸೀಟು ಹೋಗಿದೆ ಎಂದರ್ಥ. ಅದೇ ಬಳಕೆದಾರರ ಹೆಸರಲ್ಲಿ ಬೇರೆ ಟೋಕನ್ ಇದ್ದರೆ ಅವರು ಇನ್ನೊಂದು ಯಂತ್ರದಿಂದ ಒಳಬಂದಿದ್ದಾರೆ. ಇಲ್ಲಿನ ಸೆಷನ್ ಮುಗಿಸಿ. ಇಲ್ಲವಾದರೆ ಹೊಸ ಸೀಟು ಕೊಡಲು ನೋಡಿ. ಅದೂ ಸಿಗದಿದ್ದಾಗ ತುಂಬಿದ ಫಾರಂ ಅನ್ನು ಡ್ರಾಫ್ಟ್ ಆಗಿ ಉಳಿಸಿದ ಮೇಲೆಯೇ ಹೊರಗೆ ಕಳಿಸಿ. ಲೈಸೆನ್ಸ್ ಮಿತಿಯಿಂದಾಗಿ ಯಾರ ಕೆಲಸವೂ ಹಾಳಾಗಬಾರದು.

ಬಿಡುವುದು

ಟೋಕನ್ ಹೊತ್ತ ಪುಟ್ಟ ಆಬ್ಜೆಕ್ಟ್ ಒಂದನ್ನು ಸೆಷನ್‌ನಲ್ಲಿಡಿ. ಅದು ಎಚ್‌ಟಿಟಿಪಿ ಸೆಷನ್ ಬೈಂಡಿಂಗ್ ಲಿಸನರ್ (ಸೆಷನ್‌ನಿಂದ ಹೊರಬೀಳುವಾಗ ಸುದ್ದಿ ಪಡೆಯುವ ಆಬ್ಜೆಕ್ಟ್) ಆಗಿರಲಿ, ಸೀರಿಯಲೈಸಬಲ್ (ಬೈಟ್‌ಗಳಾಗಿ ಉಳಿಸಬಲ್ಲದ್ದು) ಕೂಡ ಆಗಿರಲಿ. ಲಾಗೌಟ್ ಆದರೂ ಸೆಷನ್ ಅವಧಿ ಮುಗಿದರೂ ಅದರ ‘ವ್ಯಾಲ್ಯೂ ಅನ್‌ಬೌಂಡ್’ ಓಡುತ್ತದೆ. ಅಲ್ಲಿ ಟೋಕನ್ ಹೊಂದಿದರೆ ಮಾತ್ರ ಸಾಲನ್ನು ಖಾಲಿ ಮಾಡಿ. ಹೀಗಿದ್ದರೆ ಎರಡು ಸಲ ಬಿಡುಗಡೆ ಮಾಡಿದರೂ ತೊಂದರೆಯಿಲ್ಲ. ಸೆಮಫೋರ್‌ನಲ್ಲಿ ಎರಡು ಸಲ ‘ರಿಲೀಸ್’ ಕರೆದರೆ ಮಿತಿಯೇ ಒಂದು ಹೆಚ್ಚಾಗಿಬಿಡುತ್ತದೆ.

25 ಎಂಬ ಸಂಖ್ಯೆ ಸಹಿ ಮಾಡಿದ ಲೈಸೆನ್ಸ್ ಫೈಲ್‌ನಿಂದ ಬರಲಿ; ಜಾವಾ 15ರಿಂದ ಇಡಿ25519 ಎಂಬ ಡಿಜಿಟಲ್ ಸಹಿಯ ವಿಧಾನ ಜಾವಾ ಜೊತೆಗೇ ಸಿಗುತ್ತದೆ. ಅಪ್ಲಿಕೇಶನ್‌ನಲ್ಲಿ ಸಹಿ ಪರೀಕ್ಷಿಸುವ ಪಬ್ಲಿಕ್ ಕೀ ಮಾತ್ರ ಇರಬೇಕು. ಟೇಬಲ್‌ಗೆ ಕೈಯಾರೆ ಸಾಲು ಸೇರಿಸಿ ಮಿತಿ ಮೀರದಂತೆ, ಸೀಟಿನ ಸಂಖ್ಯೆ ಫೈಲ್‌ನ ಮಿತಿಯೊಳಗಿದೆಯೇ ಎಂದು ಪ್ರತಿ ಸಲ ನೋಡಿ. ಅಡ್ಮಿನ್‌ಗೆ ಲೆಕ್ಕದಾಚೆ ಒಂದು ಸೀಟು ಮೀಸಲಿಡಿ, ಅದನ್ನು ಒಪ್ಪಂದದಲ್ಲೂ ಬರೆಯಿರಿ. ಎಲ್ಲ ತುಂಬಿದಾಗ ಒಳಹೋಗಿ ಸೀಟು ಬಿಡಿಸಲು ಬೇರೆ ದಾರಿ ಇರುವುದಿಲ್ಲ.

ಪರೀಕ್ಷೆಗೆ ಮಿತಿಯನ್ನು 5ಕ್ಕೆ ಇಳಿಸಿ. ಸರ್ವರ್ ಮೇಲೆ ಹೊರೆ ಹಾಕಿ ಪರೀಕ್ಷಿಸುವ ಸಾಧನ ಜೆಮೀಟರ್‌ನ ಸಿಂಕ್ರನೈಸಿಂಗ್ ಟೈಮರ್ ಇಟ್ಟು 50 ಬೇರೆ ಬೇರೆ ಖಾತೆಗಳಿಂದ ಒಂದೇ ಕ್ಷಣಕ್ಕೆ ಲಾಗಿನ್ ಮಾಡಿಸಿ. 6 ಮಂದಿ ಒಳಹೋದರೆ ಸಾಲು ಲಾಕ್ ಆಗುತ್ತಿಲ್ಲ. 5 ಬಂದರೆ ಸರ್ವರ್ ಪ್ರೊಸೆಸ್ ಅನ್ನು ಥಟ್ಟನೆ ನಿಲ್ಲಿಸುವ ‘ಕಿಲ್ -9’ ಕಮಾಂಡ್ ಕೊಟ್ಟು ನಿಲ್ಲಿಸಿ, ಮತ್ತೆ ಶುರುಮಾಡಿ, 15 ನಿಮಿಷ ಕಳೆದ ಮೇಲೆ ಹೊಸ ಐವರನ್ನು ಕಳಿಸಿ ನೋಡಿ. ಐವರಿಗೂ ಸೀಟು ಸಿಗಬೇಕು.